ಮಳೆ ಬಿದ್ದ ಎರೆ ರಸ್ತೆಯಲ್ಲಿ ಖಾಲಿ ಪಿಕಪ್ ಯಾಕೆ ಅಡ್ಡ ತಿರುಗುತ್ತದೆ?

ಓದುಗರ ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು. ಬೊಲೆರೊ ಪಿಕಪ್ ಅದ. ಭತ್ತದ ಚೀಲ ಹೇರಿದಾಗ ಎರಿ ರಸ್ತೆದಾಗೂ ಚೆಂದ ಹೋಗ್ತದ. ಇಳಿಸಿ ಖಾಲಿ ಬರುವಾಗ ಸಣ್ಣ ಮಳಿ ಬಿದ್ರೂ ಸಾಕು, ಹಿಂದಿನ ಗಾಲಿ ಜಾರಿ ಗಾಡಿ ಅಡ್ಡ ನಿಲ್ತದ. ಹೊಸ ಟೈರ್ ಹಾಕಿಸಿದೆ, ಆದ್ರೂ ಹಂಗೇ. ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಚೀಲ ಹೇರಿದಾಗ ಹೋಗುವ ಗಾಡಿ ಖಾಲಿಯಾದಾಗ ಜಾರುತ್ತದೆ ಎಂದರೆ ಕೊರತೆ ಇರುವುದು ಹಿಂದಿನ ಗಾಲಿಗಳ ಮೇಲಿನ ತೂಕದಲ್ಲಿ. ಬೊಲೆರೊ ಪಿಕಪ್‌ನ ಎಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್, ಕೂತ ಜನ ಎಲ್ಲ ಮುಂದೆ. ಗಾಡಿಯನ್ನು ತಳ್ಳುವ ಗಾಲಿಗಳು ಮಾತ್ರ ಹಿಂದೆ. ಖಾಲಿ ಇದ್ದಾಗ ಆ ಗಾಲಿಗಳನ್ನು ನೆಲಕ್ಕೆ ಒತ್ತಿ ಹಿಡಿಯುವುದು ಬರೀ ತೊಟ್ಟಿಯ ಭಾರ. ಟಾಟಾ ಏಸ್, ಈಕೊ, ಹಳೆಯ ಓಮ್ನಿಗಳದೂ ಇದೇ ಕಥೆ.

ಇನ್ನರ್ಧ ಮಣ್ಣಿನದು. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ಇದೇ ಗಾಡಿ ಇಷ್ಟು ಜಾರುವುದಿಲ್ಲ. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಸಣ್ಣ ಮಳೆಗೆ ಮೇಲಿನ ಒಂದೆರಡು ಇಂಚು ಮಾತ್ರ ನೆನೆದು ಲೋಳೆಯಾಗುತ್ತದೆ, ಕೆಳಗಿನದು ಗಟ್ಟಿಯಾಗಿಯೇ ಇರುತ್ತದೆ. ಆ ಲೋಳೆ ಟೈರಿನ ಗೀರುಗಳಲ್ಲಿ ತುಂಬಿಕೊಂಡು ಬಿಡುವುದೇ ಇಲ್ಲ. ಹತ್ತು ಮಾರು ಹೋಗುವುದರೊಳಗೆ ಹೊಸ ಟೈರೂ ಸವೆದ ಟೈರೂ ಒಂದೇ. ಹಿಮ ಬೀಳುವ ದೇಶಗಳಲ್ಲಿ ಹಿಂದಿನ ಗಾಲಿಯೇ ತಳ್ಳುವ ಸ್ಪೋರ್ಟ್ಸ್ ಕಾರು ಓಡಿಸುವವರಿಗೂ ಚಳಿಗಾಲದಲ್ಲಿ ಇದೇ ಕಾಟ. ಆದರೆ ಅವರಿಗೆ ಚಳಿಗಾಲದ ಟೈರು ಕೈ ಹಿಡಿಯುತ್ತದೆ, ಏಕೆಂದರೆ ಟೈರಿನ ಗೀರಿನಲ್ಲಿ ಸಿಕ್ಕ ಹಿಮ ನೆಲದ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಎರೆಮಣ್ಣು ಹಾಗೆ ಹಿಡಿಯುವುದಿಲ್ಲ. ದಪ್ಪ ಉಬ್ಬುಗಳಿರುವ ಬಟನ್ ಟೈರ್ ಹಾಕಿಸಿದರೆ ಸ್ವಲ್ಪ ಅನುಕೂಲ, ಅಷ್ಟೇ.

ಹಿಮದ ನಾಡಿನವರ ಇನ್ನೊಂದು ಉಪಾಯ ಮಾತ್ರ ನಮಗೂ ಪೂರ್ತಿ ಹೊಂದುತ್ತದೆ: ಡಿಕ್ಕಿಯಲ್ಲಿ ಮರಳಿನ ಚೀಲ. ಮಳೆಗಾಲ ಮುಗಿಯುವವರೆಗೆ ತೊಟ್ಟಿಯಲ್ಲಿ ಒಣ ಉಸುಕು ತುಂಬಿದ 40 ಕಿಲೋದ ನಾಲ್ಕೈದು ಚೀಲ ಇಟ್ಟುಕೊಳ್ಳಿ. ಏಸ್‌ಗೆ ಎರಡು, ಈಕೊಗೆ ಒಂದು ಸಾಕು. ಇಡುವ ಜಾಗ ಮುಖ್ಯ. ಹಿಂದಿನ ಆಕ್ಸಲ್‌ನ ನೇರ ಮೇಲೆ, ಇಲ್ಲವೇ ಅದಕ್ಕಿಂತ ಅರ್ಧ ಅಡಿ ಮುಂದೆ ಇಡಿ. ಎಲ್ಲವನ್ನೂ ಬಾಗಿಲ ಹತ್ತಿರ ಹಿಂದಕ್ಕೆ ಒಟ್ಟಿದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಹಿಡಿತ ಕಡಿಮೆಯಾಗುತ್ತದೆ, ಒಮ್ಮೆ ಜಾರಲು ಶುರುವಾದ ಹಿಂಬದಿ ಇನ್ನಷ್ಟು ದೂರ ಬೀಸಿಕೊಂಡು ಹೋಗುತ್ತದೆ. ಚೀಲಗಳನ್ನು ಕೊಂಡಿಗಳಿಗೆ ಹಗ್ಗದಿಂದ ಬಿಗಿದು ಮೇಲೆ ತಾಡಪತ್ರಿ ಹೊದಿಸಿ. ಕಟ್ಟದಿದ್ದರೆ ಬ್ರೇಕ್ ಹಾಕಿದಾಗ ಅವು ಕ್ಯಾಬಿನ್ನಿಗೆ ಬಂದು ಗುದ್ದುತ್ತವೆ. ಗಾಡಿ ಸಿಕ್ಕಿಬಿದ್ದ ದಿನ ಅದೇ ಉಸುಕನ್ನು ಗಾಲಿಯ ಮುಂದೆ ಚೆಲ್ಲಲೂ ಆಗುತ್ತದೆ.

ಟೈರಿನ ಗಾಳಿಯನ್ನೂ ನೋಡಿ. ಲೋಡಿಗೆಂದು ಹಿಂದಿನ ಟೈರುಗಳಿಗೆ ಗಟ್ಟಿ ಗಾಳಿ ಹಾಕಿಸಿ ಅದರಲ್ಲೇ ಖಾಲಿ ಓಡಿಸುವುದು ನಮ್ಮ ಕಡೆ ರೂಢಿ. ಖಾಲಿ ಗಾಡಿಯಲ್ಲಿ ಅಂಥ ಟೈರು ನೆಲಕ್ಕೆ ತಾಗುವುದು ನಡುವಿನ ಸಣ್ಣ ಪಟ್ಟಿಯಷ್ಟೇ. ಕಂಪನಿ ಕೊಟ್ಟ ಪುಸ್ತಕದಲ್ಲಿ ಲೋಡಿಗೂ ಖಾಲಿಗೂ ಬೇರೆ ಬೇರೆ ಒತ್ತಡ ಬರೆದಿದ್ದರೆ ಖಾಲಿಯದಕ್ಕೆ ಇಳಿಸಿ, ಮತ್ತೆ ಹೇರುವ ಮೊದಲು ತಪ್ಪದೆ ಏರಿಸಿ. ಅದಕ್ಕಿಂತಲೂ ಕೆಳಗಿಳಿಸುವುದು ಒಣ ಉಸುಕಿನಲ್ಲಿ ಉಪಯೋಗಕ್ಕೆ ಬರುವ ಉಪಾಯ. ಲೋಳೆ ಎರೆಯಲ್ಲಿ ಟೈರು ಮೇಲಿನ ಪದರ ಕೊರೆದು ಗಟ್ಟಿ ನೆಲ ಮುಟ್ಟಬೇಕು, ಅಗಲವಾಗಿ ಹರಡಿಕೊಂಡರೆ ಮೇಲೆಯೇ ತೇಲುತ್ತದೆ.

ರಸ್ತೆಗೆ ಇಳಿಯಬೇಕೋ ಬೇಡವೋ ಎಂಬುದನ್ನು ಮಣ್ಣನ್ನೇ ಕೇಳಿ ತಿಳಿಯಬಹುದು. ಗಾಲಿ ಹೋಗುವ ಜಾಡಿನಿಂದ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಹೊಸೆಯಿರಿ. 3 ಮಿಲಿಮೀಟರ್, ಅಂದರೆ ಸಣ್ಣ ಸೆಣಬಿನ ಹುರಿಯಷ್ಟು ದಪ್ಪಕ್ಕೆ ಬರುವಷ್ಟರಲ್ಲಿ ಪುಡಿಪುಡಿಯಾದರೆ ರಸ್ತೆ ಆರಿದೆ, ಹೋಗಬಹುದು. ಮುರಿಯದೆ ಎಳೆ ಬಂದು, ಬೆರಳಿನಿಂದ ತೀಡಿದಾಗ ಮಿರಮಿರ ಹೊಳೆದರೆ ಮಣ್ಣಿನಲ್ಲಿ ಇನ್ನೂ ನೀರಿದೆ. ಸಣ್ಣ ಮಳೆಯಾಗಿದ್ದರೆ ಒಂದು ದಿನ ಬಿಸಿಲು ಬೀಳಲಿ. ಜಡಿಮಳೆ ಹಿಡಿದ ಮೇಲೆ ಕೆಳಗಿನ ಪದರವೂ ಮೆತ್ತಗಾಗಿರುತ್ತದೆ. ಆಗ ಯಾವ ಚೀಲ, ಯಾವ ಟೈರೂ ಕೆಲಸಕ್ಕೆ ಬಾರದು.

ಹೊರಡುವಾಗ ಎರಡನೇ ಗೇರ್ ಹಾಕಿ. ಮೊದಲ ಗೇರಿನಲ್ಲಿ ಗಾಲಿಗೆ ಬರುವ ತಿರುಚು ಶಕ್ತಿ ಈ ನೆಲಕ್ಕೆ ಹೆಚ್ಚು, ತಟಕ್ಕನೆ ಗಿರಕಿ ಹೊಡೆಯುತ್ತದೆ. ಸ್ಟೇರಿಂಗ್ ನೇರ ಇಟ್ಟು ಕ್ಲಚ್ ನಿಧಾನ ಬಿಡಿ. ಡೀಸೆಲ್ ಎಂಜಿನ್ನಾದ್ದರಿಂದ ಆಕ್ಸಿಲರೇಟರ್ ಮುಟ್ಟದೆಯೇ ಗಾಡಿ ತೆವಳುತ್ತದೆ. ಆಮೇಲೆ ಒಂದೇ ವೇಗ, ಗಂಟೆಗೆ 15ರಿಂದ 20 ಕಿಲೋಮೀಟರ್. ನಡುವೆ ಗೇರ್ ಬದಲಿಸುವ ಪ್ರಸಂಗ ಬಾರದಂತೆ ನೋಡಿಕೊಳ್ಳಿ. ತಿರುವಿಗೆ ಮುಂಚೆಯೇ, ನೇರ ದಾರಿಯಲ್ಲೇ ವೇಗ ಇಳಿಸಿ.

ಬಹಳ ಜನ ಗಮನಿಸದ ವಿಷಯ ಒಂದಿದೆ. ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತಟ್ಟನೆ ಎತ್ತಿದರೂ ಗಾಡಿ ಅಡ್ಡ ತಿರುಗುತ್ತದೆ. ಎಂಜಿನ್ ಆಗ ಹಿಂದಿನ ಎರಡು ಗಾಲಿಗಳನ್ನು ಮಾತ್ರ ಹಿಡಿದು ತಡೆಯುತ್ತದೆ, ಹ್ಯಾಂಡ್‌ಬ್ರೇಕ್ ಎಳೆದಂತೆ. ಅದಕ್ಕೇ ಹಿಂಬದಿ ಸರಿಯತೊಡಗಿದ ಕೂಡಲೇ ಕ್ಲಚ್ ಪೂರ್ತಿ ಒತ್ತಿ. ಎಳೆತವೂ ತಡೆಯೂ ಎರಡೂ ಬಿಟ್ಟುಹೋಗಿ ಗಾಲಿ ಸುಮ್ಮನೆ ಉರುಳತೊಡಗುತ್ತದೆ. ಬ್ರೇಕ್ ಮುಟ್ಟಬೇಡಿ. ಹಿಂಬದಿ ಎಡಕ್ಕೆ ಹೋದರೆ ಸ್ಟೇರಿಂಗ್ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಕಣ್ಣು ಹೋಗಬೇಕಾದ ದಾರಿಯ ಮೇಲೆ. ಹಿಂಬದಿ ವಾಪಸ್ ಬರತೊಡಗಿದಂತೆ ಸ್ಟೇರಿಂಗನ್ನೂ ಅಷ್ಟೇ ಬೇಗ ನೇರಕ್ಕೆ ತರಬೇಕು. ಇಲ್ಲಿ ತಡ ಮಾಡಿದವರ ಗಾಡಿಯೇ ಎರಡನೇ ಸಲ ಆಚೆ ಬದಿಗೆ ಬೀಸುವುದು, ಆ ಎರಡನೇ ಬೀಸು ಮೊದಲಿನದಕ್ಕಿಂತ ಜೋರು.

ಕಾಲುವೆ ಏರಿಯ ರಸ್ತೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಆಚೆ ಸಿರುಗುಪ್ಪದವರೆಗೂ ತುಂಗಭದ್ರಾ ಉಪಕಾಲುವೆಗಳ ಏರಿಯೇ ಹೊಲದ ದಾರಿ. ಮಳೆಯ ದಿನಗಳಲ್ಲೇ ಕಾಲುವೆಯಲ್ಲಿ ನೀರೂ ಇರುತ್ತದೆ. ಜಾರುವ ಹಿಂಬದಿ ಯಾವಾಗಲೂ ಇಳಿಜಾರಿನ ಕಡೆಗೇ ಹೋಗುತ್ತದೆ. ಏರಿ ನೀರಿನ ಬದಿಗೆ ವಾಲಿದ್ದರೆ ಮೇಲೆ ಹೇಳಿದ ಯಾವ ಚಾತುರ್ಯಕ್ಕೂ ಅಲ್ಲಿ ಜಾಗ ಸಾಲದು. ಹಸಿ ಏರಿಯ ಮೇಲೆ ಹಿಂದಿನ ಗಾಲಿ ತಳ್ಳುವ ಗಾಡಿಯನ್ನು ಖಾಲಿ ತರಲೇಬೇಡಿ, ಹತ್ತು ಕಿಲೋಮೀಟರ್ ಸುತ್ತಾದರೂ ಡಾಂಬರು ರಸ್ತೆ ಹಿಡಿಯಿರಿ. ಏರಿಯ ಮೇಲಿರುವಾಗಲೇ ಮಳೆ ಹಿಡಿದರೆ ಹುಲ್ಲು ಬೆಳೆದ ನಡು ಪಟ್ಟಿಯ ಮೇಲೆ ಒಂದು ಬದಿಯ ಗಾಲಿ ಇರಲಿ. ಎದುರು ಟ್ರ್ಯಾಕ್ಟರ್ ಬಂದರೆ ಅಗಲ ಇರುವಲ್ಲಿ ಮೊದಲೇ ನಿಂತು ಅದಕ್ಕೆ ದಾರಿ ಬಿಡಿ. ತೊಟ್ಟಿಯಲ್ಲಿ ಜನರನ್ನು ಕೂರಿಸಿದ್ದರೆ ಇಳಿಸಿ ನಡೆಸಿ.

ಸಿಕ್ಕಿಬಿದ್ದಾಗ ಗಾಲಿ ತಿರುಗಿಸಿದಷ್ಟೂ ಕುಣಿ ಆಳವಾಗುತ್ತದೆ. ಹಿಂದಿನ ಎರಡು ಗಾಲಿಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಇರುವುದೇ ಹಾಗೆ, ಒಂದು ಗಾಲಿ ಸುಲಭವಾಗಿ ಜಾರಿದರೆ ಇನ್ನೊಂದಕ್ಕೂ ಎಳೆತ ಸಿಗದು. ಮೊದಲು ಸಲಿಕೆಯಿಂದ ಹಿಂದಿನ ಎರಡೂ ಗಾಲಿಗಳ ಮುಂದಿನ ಲೋಳೆ ಕೆರೆದು ಗಟ್ಟಿ ನೆಲ ಕಾಣಿಸಿ, ಮುಂದಿನ ಗಾಲಿಗಳನ್ನು ನೇರ ಮಾಡಿ. ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು ಸಿಕ್ಕರೆ ಬಲು ಒಳ್ಳೆಯದು. ಇಲ್ಲದಿದ್ದರೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಯನ್ನು ದಾರಿಗೆ ಅಡ್ಡಲಾಗಿ ಹಾಸಿ. ಭತ್ತದ ಹುಲ್ಲು ನೆನೆದರೆ ತಾನೇ ಜಾರುತ್ತದೆ. ಬಳ್ಳಾರಿ ಜಾಲಿಯ ಟೊಂಗೆ ಬೇಲಿಯಲ್ಲೇ ಸಿಗುತ್ತದೆಂದು ಮುರಿದು ಹಾಕಬೇಡಿ, ಅದರ ಮುಳ್ಳು ಟೈರಿಗೆ ಇಳಿಯುತ್ತದೆ. ಒಂದೇ ಗಾಲಿ ಜಾರುತ್ತಿದ್ದರೆ ಹ್ಯಾಂಡ್‌ಬ್ರೇಕನ್ನು ಎರಡು ಮೂರು ಹಲ್ಲಿನಷ್ಟು ಎಳೆದು ನಿಧಾನವಾಗಿ ಮುಂದಕ್ಕೆ ಬಿಟ್ಟು ನೋಡಿ. ಜಾರುವ ಗಾಲಿಗೆ ತಡೆ ಬಿದ್ದರೆ ಇನ್ನೊಂದಕ್ಕೂ ಸ್ವಲ್ಪ ಬಲ ಹೋಗುತ್ತದೆ. ಹೊರಬಂದ ಕೂಡಲೇ ಹ್ಯಾಂಡ್‌ಬ್ರೇಕ್ ಬಿಡಿ.

ಟ್ರ್ಯಾಕ್ಟರಿನಿಂದ ಎಳೆಸುವುದಾದರೆ ಹಗ್ಗವನ್ನು ಎಳೆಯಲೆಂದೇ ಕೊಟ್ಟಿರುವ ಕೊಂಡಿಗೆ ಕಟ್ಟಿ, ಬಂಪರಿಗೆ ಬೇಡ. ಹಗ್ಗದ ನಡುವೆ ಒಂದು ಹಸಿ ಗೋಣಿಚೀಲ ಹೊದಿಸಿದರೆ ಹರಿದಾಗ ಬಡಿಯುವ ರಭಸ ತಗ್ಗುತ್ತದೆ. ಸುತ್ತ ನಿಂತ ಜನ ಹಗ್ಗದ ಉದ್ದಕ್ಕಿಂತ ದೂರ ಸರಿಯಲಿ.

ಡಾಂಬರಿಗೆ ಬಂದ ಮೇಲೂ ಅವಸರ ಬೇಡ. ಟೈರಿನ ಮಣ್ಣು ಉದುರುವವರೆಗೆ ಹಿಡಿತ ಬರುವುದಿಲ್ಲ, ನಾಟಿಯ ದಿನಗಳಲ್ಲಂತೂ ಟ್ರ್ಯಾಕ್ಟರುಗಳು ಉದುರಿಸಿದ ಎರೆ ಡಾಂಬರಿನ ಮೇಲೆಯೇ ಲೋಳೆಯಾಗಿ ಬಿದ್ದಿರುತ್ತದೆ. ಖಾಲಿ ರಸ್ತೆಯಲ್ಲಿ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ ನೋಡಿ. ಒಂದು ಬದಿಗೆ ಎಳೆದರೆ ಡ್ರಮ್ಮಿನೊಳಗೆ ಮಣ್ಣು ಹೋಗಿದೆ. ಮನೆಗೆ ಬಂದ ದಿನವೇ ಗಾಲಿಯ ರಿಮ್ಮಿನ ಒಳಬದಿಗೆ ನೀರು ಹೊಡೆದು ತೊಳೆಯಿರಿ. ಅಲ್ಲಿ ಮಣ್ಣು ಒಂದೇ ಕಡೆ ಒಣಗಿ ಕೂತರೆ ಮರುದಿನ ವೇಗ ಏರಿದಂತೆ ಗಾಡಿ ನಡುಗುತ್ತದೆ, ಅಲೈನ್‌ಮೆಂಟ್ ಹೋಯಿತೆಂದು ಗ್ಯಾರೇಜಿಗೆ ಹೋಗಿ ಸುಮ್ಮನೆ ದುಡ್ಡು ಕೊಟ್ಟು ಬರಬೇಕಾಗುತ್ತದೆ.