ಮೈಲುತುತ್ತಕ್ಕೂ ಮೈಲಿಗೆಗೂ ನಂಟಿದೆಯೇ?

ಪ್ರಶ್ನೆ: ಮಳೆಗಾಲದಲ್ಲಿ ಅಡಿಕೆಗೆ ಹೊಡೆಯುವ ಮೈಲುತುತ್ತಕ್ಕೆ ಆ ಹೆಸರು ಯಾಕೆ ಬಂತು? ಮೈಲಿಗೆಗೂ ಅದಕ್ಕೂ ಸಂಬಂಧ ಇದೆಯಾ?
— ಕೊಪ್ಪದ ಓದುಗರೊಬ್ಬರು

ಮೈಲಿಗೆಗೂ ಇಲ್ಲ, ಮೈಲಿ ಬೇನೆಗೂ ಇಲ್ಲ. ಈ ನೀಲಿ ಹರಳಿಗಿರುವುದು ನವಿಲಿನ ಹೆಸರು. ತಮಿಳು, ಮಲಯಾಳಂನಲ್ಲಿ ನವಿಲಿಗೆ ‘ಮಯಿಲ್’ ಎನ್ನುತ್ತಾರಲ್ಲ, ಆ ಮಯಿಲೇ ಇಲ್ಲಿ ‘ಮೈಲು’. ‘ತುತ್ತ’ ಸಂಸ್ಕೃತದ ‘ತುತ್ಥ’ದಿಂದ ಬಂದದ್ದು. ಹಿಂದಿಯ ‘ನೀಲಾ ಥೋಥಾ’ದಲ್ಲಿರುವುದೂ ಅದೇ ತುತ್ಥ. ಮರಾಠಿಯವರು ‘ಮೋರ್‌ಚೂದ್’ ಎನ್ನುತ್ತಾರೆ. ಮೋರ್ ಅಂದರೂ ನವಿಲೇ. ಸಂಸ್ಕೃತದಲ್ಲಿ ಇದಕ್ಕಿರುವ ಇನ್ನೊಂದು ಹೆಸರು ನನಗೆ ಎಲ್ಲಕ್ಕಿಂತ ಇಷ್ಟ: ‘ಶಿಖಿಗ್ರೀವ’, ಅಂದರೆ ನವಿಲಿನ ಕೊರಳು. ಗರಿಯಲ್ಲ, ಕೊರಳು! ಹರಳೊಂದನ್ನು ಬಿಸಿಲಿಗೆ ಹಿಡಿದು ನೋಡಿ, ಹೆಸರಿಟ್ಟವರ ಕಣ್ಣು ಎಷ್ಟು ಚುರುಕಾಗಿತ್ತೆಂದು ಗೊತ್ತಾಗುತ್ತದೆ.

ಆ ನೀಲಿ ಬರುವುದು ಹರಳಿನೊಳಗೆ ಸೇರಿಕೊಂಡಿರುವ ನೀರಿನಿಂದ. ಚೆನ್ನಾಗಿ ಕಾಯಿಸಿದರೆ ನೀರು ಹೋಗಿ ಬಿಳಿ ಪುಡಿ ಉಳಿಯುತ್ತದೆ, ಒಂದು ಹನಿ ನೀರು ಬಿದ್ದರೆ ಮತ್ತೆ ನೀಲಿ.

ಚೀಲದ ಮೇಲೆ ಅಚ್ಚಾಗಿರುವ ‘ಕಾಪರ್ ಸಲ್ಫೇಟ್’ ಬಣ್ಣದ ಸುದ್ದಿ ಎತ್ತುವುದಿಲ್ಲ, ಒಳಗೆ ಏನಿದೆ ಎಂಬುದನ್ನಷ್ಟೇ ಹೇಳುತ್ತದೆ. ಕಾಪರ್ ಎಂದರೆ ತಾಮ್ರ. ಲ್ಯಾಟಿನ್ನಿನ ‘ಕ್ಯೂಪ್ರಮ್’ನಿಂದ ಬಂದ ಮಾತು, ಅದರ ಮೂಲ ತಾಮ್ರದ ಗಣಿಗಳಿದ್ದ ಸೈಪ್ರಸ್ ದ್ವೀಪ. ಸಲ್ಫೇಟ್‌ನಲ್ಲಿರುವುದು ಗಂಧಕ.

ಇನ್ನು ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಹೊಡೆಯುವ ‘ಬೋರ್ಡೋ’ ದ್ರಾವಣಕ್ಕಿರುವುದು ಊರಿನ ಹೆಸರು. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ದ್ರಾಕ್ಷಿಯ ಬೂಜು ರೋಗಕ್ಕೆ ಮೈಲುತುತ್ತ, ಸುಣ್ಣದ ಮಿಶ್ರಣವನ್ನು ಪ್ರಕಟಿಸಿದ. ನಮ್ಮ ಅಡಿಕೆಯ ಕೊಳೆರೋಗಕ್ಕೆ ಅದನ್ನು ಹೊಡೆಯಿರಿ ಎಂದವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮಲೆನಾಡಿನ ತೋಟಗಳು ಅವರಿಗೆ ಋಣಿ.

ಕಾಫಿಯ ಎಲೆ ತುಕ್ಕು ರೋಗಕ್ಕೂ ಇದೇ ಮದ್ದು. ಶೇಕಡಾ 1ರ ದ್ರಾವಣಕ್ಕೆ ಲೆಕ್ಕ ನಿಮಗೆ ಗೊತ್ತೇ ಇದೆ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಪಾತ್ರೆಯಲ್ಲಿ ಮಾತ್ರ ಕದಡಬೇಡಿ. ‘ಮೈಲುತುತ್ತ’ ಎಂಬ ಹೆಸರಿನಲ್ಲಿ ಕಾಣದ ತಾಮ್ರ ಅಲ್ಲಿ ಕಂಡೇಬಿಡುತ್ತದೆ: ಕಬ್ಬಿಣ ಕರಗುತ್ತದೆ, ತಾಮ್ರ ಅದರ ಮೇಲೆ ಕೂರುತ್ತದೆ. ಹಳಬರು ಮಾಡುವ ಕತ್ತಿ ಪರೀಕ್ಷೆಯ ಗುಟ್ಟೂ ಇದೇ. ಉಜ್ಜಿ ತೊಳೆದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪು ಲೇಪ ಕೂತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಅಲಗು ಕೆಂಪಾಗದಿರುವ ತನಕ ಸುಣ್ಣದ ತಿಳಿ ಸೇರಿಸಿ.