ಕುಸಿದ ಕಟ್ಟಡದಡಿ ಬದುಕುಳಿಯುವುದು: ಭೂಕಂಪದ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಭೂಕಂಪದ ಪಾಠ ಸಾಮಾನ್ಯವಾಗಿ ಕಂಪನದ ಬಲವನ್ನು ಸೂಚಿಸುವ ಪರಿಮಾಣದ (ಮ್ಯಾಗ್ನಿಟ್ಯೂಡ್) ಅಂಕಿಯಿಂದ ಆರಂಭವಾಗುತ್ತದೆ. ಪರಿಮಾಣ ಒಂದು ಅಂಕಿ ಹೆಚ್ಚಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ ಎಂಬುದು ನಿಜ, ಆದರೆ ಎಷ್ಟು ಜನ ಸಾಯುತ್ತಾರೆ ಎಂಬುದನ್ನು ಆ ಅಂಕಿಯಿಂದ ಊಹಿಸಲಾಗದು. 1988ರ ಡಿಸೆಂಬರ್ 7ರಂದು ಆರ್ಮೇನಿಯಾದ ಸ್ಪಿಟಾಕ್ ಪ್ರದೇಶದಲ್ಲಿ 6.8 ಪರಿಮಾಣದ ಕಂಪನಕ್ಕೆ ಸುಮಾರು 25,000 ಜನ ಬಲಿಯಾದರು. ಮರುವರ್ಷ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೆಟಾದಲ್ಲಿ ಹೆಚ್ಚುಕಡಿಮೆ ಅಷ್ಟೇ ಬಲದ, 6.9 ಪರಿಮಾಣದ ಕಂಪನದಲ್ಲಿ ಸತ್ತವರು 63 ಮಂದಿ. ಈ ಅಂತರಕ್ಕೆ ಮುಖ್ಯ ಕಾರಣ ಕಟ್ಟಡಗಳು ಕುಸಿದ ಬಗೆ. ಈ ಟಿಪ್ಪಣಿಯಲ್ಲಿ ಕುಸಿತದ ನಂತರದ ಕಥೆಯನ್ನು ನೋಡೋಣ: ಸಿಕ್ಕಿಕೊಂಡವರಿಗೆ ಎಷ್ಟು ಜಾಗ ಉಳಿಯುತ್ತದೆ, ಎಷ್ಟು ಸಮಯ ಉಳಿಯುತ್ತದೆ, ಹೊರತೆಗೆಯುವ ಕ್ಷಣದಲ್ಲಿ ದೇಹದೊಳಗೆ ಏನಾಗುತ್ತದೆ. ಮೂರನೆಯದನ್ನು ಪಠ್ಯಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವುದರಿಂದ ಇಲ್ಲಿ ಅದಕ್ಕೇ ಹೆಚ್ಚು ಸ್ಥಳ ಕೊಟ್ಟಿದ್ದೇನೆ.

ಜಾಗ

ಕುಸಿದ ಕಟ್ಟಡ ಹೊರಗಿನಿಂದ ಒಂದೇ ರಾಶಿಯಂತೆ ಕಂಡರೂ ಒಳಗೆ ಪೊಳ್ಳು ಜಾಗಗಳಿರುತ್ತವೆ, ಮತ್ತು ಬದುಕಿ ಬಂದವರೆಲ್ಲ ಸಿಗುವುದು ಬಹುಮಟ್ಟಿಗೆ ಅಂಥ ಜಾಗಗಳಲ್ಲೇ. ಚಾವಣಿಯ ಒಂದು ಅಂಚು ಗೋಡೆಗೆ ಆತುಕೊಂಡು ಇನ್ನೊಂದು ಅಂಚು ನೆಲಕ್ಕೆ ಬಿದ್ದರೆ ಓರೆಯಾದ ಗೂಡು ಉಂಟಾಗುತ್ತದೆ. ನಡುವೆ ಮುರಿದು ಎರಡೂ ಅಂಚುಗಳು ಗೋಡೆಗೆ ನಿಂತರೆ ಎರಡು ಬದಿಗಳಲ್ಲಿ ಗೂಡುಗಳಾಗುತ್ತವೆ. ಅತ್ಯಂತ ಕೆಟ್ಟದ್ದು ಕಂಬಗಳು ಒಟ್ಟಿಗೇ ಸೋತು, ಪ್ರತಿ ಅಂತಸ್ತಿನ ಕಾಂಕ್ರೀಟ್ ಸ್ಲ್ಯಾಬ್ ಕೆಳಗಿನದರ ಮೇಲೆ ಪುಸ್ತಕಗಳ ಅಟ್ಟಿಯಂತೆ ಚಪ್ಪಟೆಯಾಗಿ ಕೂರುವ ಕುಸಿತ. ನೆಲಅಂತಸ್ತಿನಲ್ಲಿ ವಾಹನ ನಿಲುಗಡೆಗೋ ಅಂಗಡಿಗಳಿಗೋ ಗೋಡೆಗಳಿಲ್ಲದೆ ಬರೀ ಕಂಬಗಳನ್ನು ಬಿಟ್ಟ ಕಟ್ಟಡಗಳಲ್ಲಿ ಆ ಅಂತಸ್ತು ಮೇಲಿನವುಗಳಿಗಿಂತ ಸಡಿಲವಾಗಿರುವುದರಿಂದ ಮೊದಲು ಅದೇ ಬಗ್ಗುತ್ತದೆ. ಮಣ್ಣು ಮತ್ತು ಕಲ್ಲಿನ ಮನೆಗಳ ಸ್ವಭಾವ ಬೇರೆ: ಅವು ಪುಡಿಪುಡಿಯಾಗಿ ಬೀಳುವುದರಿಂದ ಗೂಡುಗಳು ಉಳಿಯುವುದು ಕಡಿಮೆ, ಜೊತೆಗೆ ಏಳುವ ಧೂಳು ಉಸಿರುಗಟ್ಟಿಸುತ್ತದೆ.

ಇಲ್ಲಿಂದಲೇ ಒಂದು ಹಳೆಯ ವಿವಾದ ಹುಟ್ಟಿದೆ. ದೊಡ್ಡ ವಸ್ತುವಿನ ಅಡಿಗೆ ಹೋಗದೆ ಪಕ್ಕದಲ್ಲಿ ಮುದುಡಿ ಮಲಗಿದರೆ ತ್ರಿಕೋನಾಕಾರದ ಗೂಡಿನಲ್ಲಿ ಉಳಿಯಬಹುದು ಎಂಬ ಸಲಹೆ ವರ್ಷಗಳಿಂದ ಸುತ್ತಾಡುತ್ತಿದೆ. ಗೂಡುಗಳು ಉಂಟಾಗುತ್ತವೆ ಎಂಬ ಅದರ ಅರ್ಧ ಮಾತು ಸರಿ. ಎಲ್ಲಿ ಉಂಟಾಗುತ್ತವೆ ಎಂಬುದನ್ನು ಮುಂಚಿತವಾಗಿ ಗುರುತಿಸಬಹುದೆಂಬ ಇನ್ನರ್ಧವೇ ತಪ್ಪು, ಏಕೆಂದರೆ ಕಂಪನದಲ್ಲಿ ಆ ದೊಡ್ಡ ವಸ್ತುವೂ ಜರುಗುತ್ತದೆ ಅಥವಾ ಮಗುಚುತ್ತದೆ. ಕಾಂಕ್ರೀಟ್ ಚೌಕಟ್ಟಿನ ಕಟ್ಟಡಗಳಲ್ಲಿ ಬಹುಪಾಲು ಕುಸಿಯುವುದೇ ಇಲ್ಲ. ಅಲ್ಲಿ ಗಾಯವಾಗುವುದು ಹೆಚ್ಚಾಗಿ ಬೀಳುವ ಕಪಾಟು, ಗಾಜು ಮತ್ತು ಗಾರೆಯಿಂದ. ಆದ್ದರಿಂದಲೇ ನೆಲಕ್ಕೆ ಕುಸಿದು ಕುಳಿತು, ಗಟ್ಟಿಯಾದ ಮೇಜಿನಡಿ ತಲೆ ಮತ್ತು ಕುತ್ತಿಗೆಯನ್ನು ಕಾಪಾಡಿಕೊಂಡು, ಮೇಜಿನ ಕಾಲನ್ನು ಬಿಗಿಯಾಗಿ ಹಿಡಿದುಕೊಳ್ಳುವುದನ್ನು ಹೆಚ್ಚಿನ ವಿಪತ್ತು ನಿರ್ವಹಣಾ ಸಂಸ್ಥೆಗಳು ಕಲಿಸುತ್ತವೆ. ಭಾರದ ಚಾವಣಿಯುಳ್ಳ ಮಣ್ಣಿನ ಮನೆಯ ನೆಲಅಂತಸ್ತಿನಲ್ಲಿ, ಬಾಗಿಲ ಹತ್ತಿರವೇ ಇದ್ದು ಆಚೆ ತೆರೆದ ಬಯಲಿದ್ದರೆ, ಹೊರಗೆ ಓಡುವುದೇ ಸರಿಯಾದೀತು. ಹೀಗೆ ಉತ್ತರ ಕಟ್ಟಡವನ್ನು ಅವಲಂಬಿಸಿರುವುದರಿಂದ ಎಲ್ಲೆಡೆಗೂ ಒಂದೇ ಸೂತ್ರವೆಂದು ಪರೀಕ್ಷೆಯಲ್ಲಿ ಬರೆಯಬಾರದು.

ಸಮಯ

ಸಿಕ್ಕಿಕೊಂಡವರಿಗೆ ಗಾಳಿ ಸಾಲದಾಗುತ್ತದೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ಅವಶೇಷಗಳ ರಾಶಿ ಗಾಳಿಯಾಡದಷ್ಟು ಬಿಗಿಯಾಗಿರುವುದು ಅಪರೂಪ. ಮೊದಲ ನಿಮಿಷಗಳಲ್ಲಿ ಕೊಲ್ಲುವುದು ಎದೆಯ ಮೇಲಿನ ಭಾರ, ತಲೆಯ ಪೆಟ್ಟು, ರಕ್ತಸ್ರಾವ ಮತ್ತು ಧೂಳು. ಬಾಯಿ ಮೂಗಿಗೆ ಬಟ್ಟೆ ಅಡ್ಡ ಹಿಡಿಯಬೇಕು, ಅನಗತ್ಯವಾಗಿ ಹೊರಳಾಡಿ ಧೂಳೆಬ್ಬಿಸಬಾರದು, ಕೂಗಾಟವನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಬೇಕು ಎಂಬ ಸೂಚನೆಗಳಿಗೆ ಇದೇ ಆಧಾರ. ಕೂಗಿದಾಗ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಶಕ್ತಿಯೂ ವ್ಯಯವಾಗುತ್ತದೆ. ಅನಿಲ ಸೋರುತ್ತಿರಬಹುದಾದ್ದರಿಂದ ಬೆಂಕಿಕಡ್ಡಿ ಗೀರುವಂತೆಯೇ ಇಲ್ಲ.

ಇವನ್ನು ದಾಟಿದವರಿಗೆ ನೀರೇ ಮುಂದಿನ ಮಿತಿ. 60 ಕಿಲೋ ತೂಕದ ವಯಸ್ಕರನ್ನು ಇಟ್ಟುಕೊಂಡು ಸ್ಥೂಲವಾಗಿ ಲೆಕ್ಕ ಹಾಕೋಣ. ಏನೂ ಮಾಡದೆ ತಂಪಾದ ಜಾಗದಲ್ಲಿ ಮಲಗಿದ್ದರೂ ಉಸಿರು ಮತ್ತು ಚರ್ಮದ ಮೂಲಕ ದಿನಕ್ಕೆ ಸುಮಾರು 800 ಮಿಲಿಲೀಟರ್, ಕನಿಷ್ಠ ಮೂತ್ರವಾಗಿ ಸುಮಾರು 500 ಮಿಲಿಲೀಟರ್, ಒಟ್ಟು 1.3 ಲೀಟರ್ ನೀರು ಹೋಗುತ್ತದೆ. ದೇಹತೂಕದ ಹತ್ತನೇ ಒಂದು ಭಾಗ, ಅಂದರೆ 6 ಲೀಟರ್ ಕಳೆದುಕೊಂಡರೆ ಪರಿಸ್ಥಿತಿ ಗಂಭೀರವಾಗುತ್ತದೆ. ಆ ಹಂತ ತಲುಪಲು ನಾಲ್ಕರಿಂದ ಐದು ದಿನ ಬೇಕು. ಬಿಸಿಲಿನ ಶಾಖವೋ, ರಕ್ತಸ್ರಾವವೋ, ಬೆವರುವಷ್ಟು ಹೆಣಗಾಟವೋ ಸೇರಿದರೆ ಈ ಅವಧಿ ಅರ್ಧಕ್ಕಿಳಿಯಬಹುದು. ರಕ್ಷಣಾ ಕಾರ್ಯದಲ್ಲಿ ಮೊದಲ 72 ಗಂಟೆಗಳಿಗೆ ಅಷ್ಟು ಮಹತ್ವ ಏಕೆ ಎಂಬುದಕ್ಕೆ ಈ ಲೆಕ್ಕದಲ್ಲಿ ಉತ್ತರವಿದೆ. ಆದರೆ 72 ಗಂಟೆ ಮುಚ್ಚುವ ಬಾಗಿಲಲ್ಲ. 1985ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋ ನಗರದ ಹುವಾರೆಸ್ ಆಸ್ಪತ್ರೆಯ ಅವಶೇಷಗಳಿಂದ ನವಜಾತ ಶಿಶುಗಳನ್ನು ಹಲವು ದಿನಗಳ ನಂತರ ಜೀವಂತವಾಗಿ ತೆಗೆಯಲಾಯಿತು. 2023ರ ಫೆಬ್ರವರಿ 6ರ ಕಂಪನಗಳ ನಂತರ ಟರ್ಕಿಯಲ್ಲಿ 200 ಗಂಟೆ ದಾಟಿದ ಮೇಲೂ ಕೆಲವರು ಬದುಕಿ ಬಂದರು. ಅಲ್ಲಿನ ಕೊರೆಯುವ ಚಳಿ ಒಂದು ಕಡೆ ಬೆವರುವಿಕೆಯನ್ನು ತಡೆದು ನೀರನ್ನು ಉಳಿಸುವಂಥದ್ದು, ಇನ್ನೊಂದು ಕಡೆ ದೇಹದ ಶಾಖವನ್ನೇ ಕಸಿದು ಕೊಲ್ಲುವಂಥದ್ದು.

ಹುಡುಕಾಟ

ಹೆಚ್ಚಿನವರನ್ನು ಹೊರತೆಗೆಯುವುದು ತರಬೇತಾದ ಪಡೆಗಳಲ್ಲ, ಅಕ್ಕಪಕ್ಕದವರು. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಾದ ಭೂಕಂಪದಲ್ಲಿ ಸಿಕ್ಕಿಬಿದ್ದ ಸುಮಾರು 35,000 ಜನರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಯನ್ನು ಮನೆಯವರು ಮತ್ತು ನೆರೆಹೊರೆಯವರೇ ಕಾಪಾಡಿದರೆಂದು ಅಂದಾಜಿಸಲಾಗಿದೆ. ದೂರದಿಂದ ತಂಡಗಳು ಬರುವ ಹೊತ್ತಿಗೆ ಉಳಿದಿರುವುದು ಆಳದಲ್ಲಿರುವ ಕಷ್ಟದ ಪ್ರಕರಣಗಳು. ಆಗ ಯಂತ್ರಗಳನ್ನೆಲ್ಲ ನಿಲ್ಲಿಸಿ, ಜನರನ್ನು ಸುಮ್ಮನಾಗಿಸಿ, ಒಳಗಿನಿಂದ ಸದ್ದು ಬರುತ್ತದೆಯೇ ಎಂದು ಆಲಿಸುವ ಕ್ರಮವಿದೆ. ಒಳಗಿರುವವರು ಕೊಳವೆಯನ್ನೋ ಗೋಡೆಯನ್ನೋ ಒಂದು ಲಯದಲ್ಲಿ ಕುಟ್ಟಿ, ನಡುವೆ ಬಿಡುವು ಕೊಡಬೇಕು. ಘನವಸ್ತುವಿನಲ್ಲಿ ಸದ್ದು ದೂರ ಸಾಗುತ್ತದೆ, ಲಯವಿದ್ದರೆ ಅದು ಅವಶೇಷ ಕುಸಿಯುವ ಸದ್ದಲ್ಲವೆಂದು ತಿಳಿಯುತ್ತದೆ. ಶ್ವಾನಗಳು ಮತ್ತು ನೆಲಕ್ಕೆ ಹಚ್ಚುವ ಸೂಕ್ಷ್ಮ ಕಂಪನಗ್ರಾಹಿಗಳ ಜೊತೆಗೆ ಈಗ ರೇಡಾರ್ ಕೂಡ ಬಳಕೆಗೆ ಬಂದಿದೆ: 2015ರಲ್ಲಿ ನೇಪಾಳದ ಚೌತಾರಾದಲ್ಲಿ ನಾಸಾ ಅಭಿವೃದ್ಧಿಪಡಿಸಿದ ಉಪಕರಣ ಹೃದಯಬಡಿತವನ್ನು ಗುರುತಿಸಿದ್ದರಿಂದ ನಾಲ್ವರು ಪತ್ತೆಯಾದರು.

ಮುಖ್ಯ ಕಂಪನದ ನಂತರ ಬರುವ ಕಂಪನಗಳ ಬಗ್ಗೆ ಒಂದು ಕಹಿ ಸಂಗತಿಯಿದೆ. ಜಪಾನಿನ ವಿಜ್ಞಾನಿ ಫುಸಾಕಿಚಿ ಓಮೋರಿ 1894ರಲ್ಲಿ ತೋರಿಸಿದಂತೆ ಅವುಗಳ ಸಂಖ್ಯೆ ಕಾಲ ಕಳೆದಂತೆ ಹೆಚ್ಚುಕಡಿಮೆ ವಿಲೋಮ ಅನುಪಾತದಲ್ಲಿ ಇಳಿಯುತ್ತದೆ. ಹಾಗಾಗಿ ಒಳಗಿರುವವರು ಬದುಕಿರುವ ಸಾಧ್ಯತೆ ಅತಿ ಹೆಚ್ಚಿರುವ ಗಂಟೆಗಳೇ ರಕ್ಷಕರಿಗೆ ಅತಿ ಅಪಾಯದ ಗಂಟೆಗಳೂ ಆಗಿರುತ್ತವೆ. 2023ರಲ್ಲಿ ಟರ್ಕಿಯಲ್ಲಂತೂ 7.8ರ ಕಂಪನವಾದ ಸುಮಾರು ಒಂಬತ್ತು ಗಂಟೆಗಳಲ್ಲಿ 7.5ರ ಇನ್ನೊಂದು ಬಂದು, ಬಿರುಕು ಬಿಟ್ಟು ನಿಂತಿದ್ದ ಕಟ್ಟಡಗಳನ್ನೂ ಕೆಡವಿತು.

ಬಿಡುಗಡೆ

ಕೈಕಾಲುಗಳ ಮೇಲೆ ಗಂಟೆಗಟ್ಟಲೆ ಭಾರ ಬಿದ್ದಿದ್ದ ವ್ಯಕ್ತಿ ಪ್ರಜ್ಞೆಯಿಂದ ಮಾತನಾಡುತ್ತಾ ಇದ್ದು, ಭಾರ ಎತ್ತಿದ ಸ್ವಲ್ಪ ಹೊತ್ತಿಗೆ ಪ್ರಾಣ ಬಿಡುವುದುಂಟು. ಎರಡನೇ ಮಹಾಯುದ್ಧದ ಬಾಂಬ್ ದಾಳಿಗಳಲ್ಲಿ ಲಂಡನ್ನಿನ ಕಟ್ಟಡಗಳಡಿ ಸಿಲುಕಿದ್ದವರನ್ನು ಪರೀಕ್ಷಿಸಿ ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ 1941ರಲ್ಲಿ ವಿವರಿಸಿದ ಈ ಸ್ಥಿತಿಯನ್ನು ಕ್ರಷ್ ಸಿಂಡ್ರೋಮ್ ಎನ್ನುತ್ತಾರೆ.

ಇದರ ಕ್ರಮವನ್ನು ಬಿಡಿಸಿ ನೋಡೋಣ. ದೇಹದ ಪೊಟ್ಯಾಸಿಯಂನ ಶೇಕಡ 98ರಷ್ಟು ಜೀವಕೋಶಗಳ ಒಳಗಿದೆ, ಅದರಲ್ಲಿ ದೊಡ್ಡ ಪಾಲು ಸ್ನಾಯುಗಳಲ್ಲಿದೆ. ರಕ್ತದಲ್ಲಿ ಅದರ ಮಟ್ಟ ಲೀಟರಿಗೆ 3.5ರಿಂದ 5 ಮಿಲಿಮೋಲ್‌ನ ಕಿರಿದಾದ ಮಿತಿಯೊಳಗಿದ್ದರಷ್ಟೇ ಹೃದಯ ಸರಿಯಾಗಿ ಬಡಿಯುತ್ತದೆ. ಸ್ನಾಯು ಜಜ್ಜಿಹೋದಾಗ ಕೋಶಪೊರೆಗಳು ಹರಿದು ಪೊಟ್ಯಾಸಿಯಂ, ಆಮ್ಲಗಳು ಮತ್ತು ಮಯೋಗ್ಲೋಬಿನ್ ಎಂಬ ಪ್ರೋಟೀನ್ ಹೊರಬರುತ್ತವೆ. ಭಾರ ಇರುವವರೆಗೆ ಆ ಭಾಗದಲ್ಲಿ ರಕ್ತಸಂಚಾರವಿಲ್ಲದ ಕಾರಣ ಇವು ಬಹುಪಾಲು ಅಲ್ಲೇ ನಿಂತಿರುತ್ತವೆ. ಭಾರ ತೆಗೆದೊಡನೆ ರಕ್ತ ಹರಿದು ಅವು ದೇಹವೆಲ್ಲ ಸೇರುತ್ತವೆ. ಅದೇ ಸಮಯಕ್ಕೆ ರಕ್ತದ ದ್ರವ ಗಾಯಗೊಂಡ ಸ್ನಾಯುವಿನೊಳಗೆ ನುಗ್ಗಿ ಅದು ಊದಿಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯ ಲಯ ತಪ್ಪಿ ನಿಲ್ಲಬಹುದು, ಮತ್ತು ಇದು ನಿಮಿಷಗಳಿಂದ ಗಂಟೆಗಳೊಳಗಿನ ಅಪಾಯ. ಮಯೋಗ್ಲೋಬಿನ್ ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕಟ್ಟಿಹಾಕುವುದು ನಿಧಾನದ ಅಪಾಯ. ಕಡು ಕಂದು ಬಣ್ಣದ ಮೂತ್ರ ಅದರ ಗುರುತು.

ಚಿಕಿತ್ಸೆಯ ತರ್ಕ ಇದರಿಂದಲೇ ಹೊರಡುತ್ತದೆ. ಸಾಧ್ಯವಾದರೆ ಅವಶೇಷದಡಿಯಲ್ಲಿರುವಾಗಲೇ ಕೈಗೆ ಸಿಕ್ಕ ರಕ್ತನಾಳದ ಮೂಲಕ ವಯಸ್ಕರಿಗೆ ಗಂಟೆಗೆ ಸುಮಾರು ಒಂದು ಲೀಟರಿನಂತೆ ಸಲೈನ್ ಆರಂಭಿಸಬೇಕು, ಪೊಟ್ಯಾಸಿಯಂ ಇರುವ ದ್ರಾವಣಗಳನ್ನು ದೂರವಿಡಬೇಕು. ಇದನ್ನು ಓದಿದವರು ವೈದ್ಯರು ಬರುವ ತನಕ ಯಾರನ್ನೂ ಬಿಡಿಸಬಾರದು ಎಂದು ತೀರ್ಮಾನಿಸುವುದುಂಟು, ಅದು ತಪ್ಪು ಗ್ರಹಿಕೆ. ಸ್ನಾಯು ಹೆಚ್ಚು ಹೊತ್ತು ಜಜ್ಜಿದಷ್ಟೂ ವಿಷ ಹೆಚ್ಚುತ್ತದೆ. ಸಿಕ್ಕಿ ಸ್ವಲ್ಪವೇ ಹೊತ್ತಾಗಿದ್ದರೆ, ಅಥವಾ ವೈದ್ಯಕೀಯ ನೆರವು ಬರುವ ಲಕ್ಷಣವೇ ಇಲ್ಲದಿದ್ದರೆ, ಬೇಗ ಬಿಡಿಸುವುದೇ ಮೇಲು. ಕೈಕಾಲಿಗೆ ಬಿಗಿಪಟ್ಟಿ (ಟೂರ್ನಿಕೆಟ್) ಕಟ್ಟುವುದು ಪ್ರಾಣಕ್ಕೆ ಕುತ್ತಾಗುವ ರಕ್ತಸ್ರಾವಕ್ಕೆ ಮಾತ್ರ ಮೀಸಲು.

ಸ್ಪಿಟಾಕ್‌ನಲ್ಲಿ ಮೂತ್ರಪಿಂಡ ವಿಫಲವಾದವರ ಸಂಖ್ಯೆ ಅಲ್ಲಿದ್ದ ಡಯಾಲಿಸಿಸ್ ಸೌಲಭ್ಯವನ್ನು ಮೀರಿಹೋಯಿತು. ಆ ಅನುಭವದ ನಂತರ ಅಂತರರಾಷ್ಟ್ರೀಯ ಮೂತ್ರಪಿಂಡಶಾಸ್ತ್ರ ಸಂಘ ವಿಪತ್ತಿನ ವೇಳೆ ನೆರವಾಗುವ ಕಾರ್ಯಪಡೆಯನ್ನು ಕಟ್ಟಿತು, ಮತ್ತು 1991ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಶೋಧ ಹಾಗೂ ರಕ್ಷಣಾ ತಂಡಗಳ ಸಲಹಾ ಕೂಟ ಇನ್ಸರಾಗ್ ಸ್ಥಾಪನೆಯಾಯಿತು. ಕೋಬೆಯಲ್ಲಿ 372 ಮಂದಿಯಲ್ಲಿ ಕ್ರಷ್ ಸಿಂಡ್ರೋಮ್ ದಾಖಲಾಯಿತು. 1999ರ ಆಗಸ್ಟ್ 17ರಂದು ಟರ್ಕಿಯಲ್ಲಾದ ಮರ್ಮರಾ ಭೂಕಂಪದ ನಂತರ ಮೂತ್ರಪಿಂಡದ ತೊಂದರೆ ಕಂಡ 639 ಮಂದಿಯಲ್ಲಿ 477 ಮಂದಿಗೆ ಡಯಾಲಿಸಿಸ್ ಬೇಕಾಯಿತು. ಹೀಗೆ ಹಾಳಾದ ಮೂತ್ರಪಿಂಡ, ರೋಗಿ ಮೊದಲ ವಾರಗಳನ್ನು ದಾಟಿದರೆ, ಬಹುತೇಕರಲ್ಲಿ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಹೊರಬಂದವರು ನಡೆದಾಡುವಷ್ಟು ಚೆನ್ನಾಗಿ ಕಂಡರೂ ಅವರನ್ನು ಮನೆಗೆ ಕಳುಹಿಸದೆ, ಮೂತ್ರದ ಪ್ರಮಾಣ ಮತ್ತು ಬಣ್ಣವನ್ನೂ ರಕ್ತದ ಪೊಟ್ಯಾಸಿಯಂ ಅನ್ನೂ ಹೃದಯದ ಲಯವನ್ನೂ ಮುಂದಿನ ಕೆಲವು ದಿನ ಗಮನಿಸುತ್ತಿರಬೇಕಾಗುತ್ತದೆ.