ಕೊಲಾಜೆನ್ ತಕರಾರಿನಿಂದ ಹುಟ್ಟಿದ ರಾಮಚಂದ್ರನ್ ಪ್ಲಾಟ್

ಓದುಗರ ಪ್ರಶ್ನೆ: ಜಿ.ಎನ್. ರಾಮಚಂದ್ರನ್ ಹೆಸರು ಮಾಡಿದ್ದು ಕೊಲಾಜೆನ್ ರಚನೆಯಿಂದ. ಹಾಗಿದ್ದರೆ ಎಲ್ಲ ಪ್ರೋಟೀನ್‌ಗಳಿಗೂ ಬಳಸುವ ‘ರಾಮಚಂದ್ರನ್ ಪ್ಲಾಟ್’ ಎಲ್ಲಿಂದ ಬಂತು? ಅದರಲ್ಲಿ ಚುಕ್ಕೆ ಹೊರಗೆ ಬಿದ್ದರೆ ಮಾದರಿ ತಪ್ಪು ಅಂತಲೇ?

ಉತ್ತರ: ಎರಡನೆಯದಕ್ಕೆ ಚುಟುಕಾಗಿ ಹೇಳುವುದಾದರೆ, ಸಾಮಾನ್ಯವಾಗಿ ಹೌದು, ಯಾವಾಗಲೂ ಅಲ್ಲ. ಏಕೆಂದು ತಿಳಿಯಲು ಮೊದಲನೆಯದನ್ನು ನೋಡಬೇಕು.

ಚರ್ಮ, ಮೂಳೆ, ಸ್ನಾಯುರಜ್ಜುಗಳಂಥ ಸಂಯೋಜಕ ಅಂಗಾಂಶಕ್ಕೆ ಬಲ ಕೊಡುವುದು ಕೊಲಾಜೆನ್ ಎಂಬ ಪ್ರೋಟೀನ್. ಅದರ ಸರಪಳಿಯ ಕೊಂಡಿಗಳಾದ ಅಮೈನೋ ಆಮ್ಲಗಳಲ್ಲಿ ಮೂರನೇ ಒಂದು ಪಾಲು ಗ್ಲೈಸಿನ್. ಈ ಲೆಕ್ಕವನ್ನೂ ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್-ರೇ ಚಿತ್ರಗಳನ್ನೂ ಜೋಡಿಸಿ, ಮದ್ರಾಸ್ ವಿಶ್ವವಿದ್ಯಾಲಯದ ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 1954ರಲ್ಲಿ ಮೂರೆಳೆಯ ಮಾದರಿ ಮುಂದಿಟ್ಟರು. 1955ರಲ್ಲಿ ಅದಕ್ಕೆ ಹುರಿ ಕೊಟ್ಟರು. ಹಗ್ಗ ಹೊಸೆದು ಗೊತ್ತಿದ್ದವರಿಗೆ ಇದು ಥಟ್ಟನೆ ಹೊಳೆಯುತ್ತದೆ: ಒಂದೊಂದು ಎಳೆಯೂ ಎಡಕ್ಕೆ ತಿರುಚಿದೆ, ಮೂರೂ ಸೇರಿ ಬಲಕ್ಕೆ ಸುತ್ತಿಕೊಂಡಿವೆ. ಪ್ರತಿ ಮೂರನೆಯ ಅಮೈನೋ ಆಮ್ಲ ಹಗ್ಗದ ನಟ್ಟನಡುವೆ ಬರುತ್ತದೆ. ಅಲ್ಲಿ ಜಾಗ ಎಷ್ಟು ಇಕ್ಕಟ್ಟೆಂದರೆ, ಪಾರ್ಶ್ವದಲ್ಲಿ ಬರೀ ಒಂದು ಹೈಡ್ರೋಜನ್ ಇರುವ ಗ್ಲೈಸಿನ್ ಮಾತ್ರ ಹಿಡಿಸುತ್ತದೆ.

ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ 1955ರಲ್ಲೇ ಆಕ್ಷೇಪ ಎತ್ತಿದರು. ಈ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಹತ್ತಿರ ಬಂದಿವೆ; ಮಾದರಿ ಹೇಳುವಂತೆ ಮೂರು ಅಮೈನೋ ಆಮ್ಲಗಳಿಗೆ, ಎಳೆಗಳನ್ನು ಒಟ್ಟಿಗೆ ಹಿಡಿದಿಡುವ ಎರಡು ಹೈಡ್ರೋಜನ್ ಬಂಧ ಸಾಧ್ಯವಿಲ್ಲ, ಒಂದೇ ಎಂದರು. ಬಂಧದ ಲೆಕ್ಕದಲ್ಲಿ ಅವರ ಮಾತೇ ನಿಂತಿತು. ಆದರೆ ‘ತೀರಾ ಹತ್ತಿರ’ ಎಂದರೆ ಎಷ್ಟು? ಎಲ್ಲರೂ ಒಪ್ಪುವ ಅಳತೆಗೋಲೇ ಆಗ ಇರಲಿಲ್ಲ.

ರಾಮಚಂದ್ರನ್ ತಂಡ ಅದನ್ನೇ ಕಟ್ಟಲು ಕೂತಿತು. ಆಗ ತಿಳಿದಿದ್ದ ಅಮೈನೋ ಆಮ್ಲ, ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಸ್ಫಟಿಕಗಳನ್ನು ಜಾಲಾಡಿ, ಬಂಧವಿಲ್ಲದ ಎರಡು ಪರಮಾಣು ಎಷ್ಟು ಹತ್ತಿರ ಬರಬಲ್ಲವು ಎಂದು ಪಟ್ಟಿ ಮಾಡಿತು. ಎರಡು ಕಾರ್ಬನ್‌ಗಳ ನಡುವೆ ಸಾಮಾನ್ಯ ಮಿತಿ 3.2 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ), ಕಟ್ಟಕಡೆಯ ಮಿತಿ 3.0; ಕಾರ್ಬನ್–ಆಕ್ಸಿಜನ್‌ಗೆ 2.8 ಮತ್ತು 2.7, ಎರಡು ಹೈಡ್ರೋಜನ್‌ಗಳಿಗೆ 2.0 ಮತ್ತು 1.9. ಅಮೈನೋ ಆಮ್ಲಗಳನ್ನು ಬೆಸೆಯುವ ಪೆಪ್ಟೈಡ್ ಬಂಧ ಚಪ್ಪಟೆಯಾಗಿರುವುದರಿಂದ ಸರಪಳಿಯ ಬೆನ್ನೆಲುಬು ತಿರುಗಬಲ್ಲ ಜಾಗ ಎರಡೇ: ನೈಟ್ರೋಜನ್–ಆಲ್ಫಾ ಕಾರ್ಬನ್ (ಅಮೈನೋ ಆಮ್ಲದ ನಡುವಿನ ಕಾರ್ಬನ್) ಬಂಧದ ಸುತ್ತ ಫೈ ಕೋನ, ಆಲ್ಫಾ ಕಾರ್ಬನ್–ಕಾರ್ಬೊನಿಲ್ ಬಂಧದ ಸುತ್ತ ಸೈ ಕೋನ. ಎರಡನ್ನೂ ಹಂತಹಂತವಾಗಿ ತಿರುಗಿಸಿ, ಪರಮಾಣುಗಳು ಡಿಕ್ಕಿಯಾಗದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಅದೇ ಪ್ಲಾಟ್. ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆ ಅದು 1963ರಲ್ಲಿ ಪ್ರಕಟವಾಯಿತು. (ಹಳೆಯ ಚಿತ್ರದಲ್ಲಿ ಕೋನಗಳು 0ಯಿಂದ 360ರವರೆಗೆ, ಈಗ −180ರಿಂದ +180. ಸೊನ್ನೆಯ ಸ್ಥಾನವೂ ಬೇರೆ. ಸಂಖ್ಯೆಗಳನ್ನು ಹಾಗೇ ಹೋಲಿಸಿದರೆ ಎಡವುತ್ತೀರಿ.)

ಈಗ ಚುಕ್ಕೆಗಳಿಗೆ ಬರೋಣ: ಮಾದರಿಯ ಒಂದೊಂದು ಅಮೈನೋ ಆಮ್ಲದ ಫೈ, ಸೈ ಜೋಡಿ ನಕ್ಷೆಯಲ್ಲಿ ಒಂದು ಚುಕ್ಕೆ. ಸರಪಳಿಯ ಮೊದಲ ಅಮೈನೋ ಆಮ್ಲಕ್ಕೆ ಫೈ ಇಲ್ಲ, ಕೊನೆಯದಕ್ಕೆ ಸೈ ಇಲ್ಲ. 100 ಇದ್ದರೆ ಚುಕ್ಕೆ 98. ಪ್ರೋಟೀನ್ ಸರಪಳಿಯ ಎರಡು ಸಾಮಾನ್ಯ ಆಕಾರಗಳಲ್ಲಿ ಆಲ್ಫಾ ಸುರುಳಿ (ಫೈ, ಸೈ) −60, −45ರ ಸುತ್ತ, ಬೀಟಾ ಎಳೆ −120, +130ರ ಸುತ್ತ ಗುಂಪಾಗುತ್ತವೆ. ಹೊರಗೆ ಬಿದ್ದದ್ದು ಗ್ಲೈಸಿನ್ ಆಗಿದ್ದರೆ ಗಾಬರಿ ಬೇಡ, ಅದಕ್ಕೆ ಬೀಟಾ ಕಾರ್ಬನ್ (ಪಾರ್ಶ್ವದ ಮೊದಲ ಕಾರ್ಬನ್) ಇಲ್ಲದ್ದರಿಂದ ಓಡಾಡಲು ಹೆಚ್ಚು ಬಯಲಿದೆ. ಅದರದೇ ನಕ್ಷೆಯಲ್ಲಿ ನೋಡಿ. ಅಕ್ಕಪಕ್ಕದ ಎರಡು ಚುಕ್ಕೆ ಒಟ್ಟಿಗೆ ಹೊರಗಿದ್ದರೆ ನಡುವಿನ ಪೆಪ್ಟೈಡ್ ತಿರುಗುಮುರುಗಾಗಿ ಕೂತಿರಬಹುದು: ಅದನ್ನು 180 ಡಿಗ್ರಿ ಮಗುಚಿದರೆ ಹಿಂದಿನದರ ಸೈ, ಮುಂದಿನದರ ಫೈ ಎರಡೂ ಬದಲಾಗುತ್ತವೆ. 2 ಆಂಗ್‌ಸ್ಟ್ರಾಮ್ ರೆಸಲ್ಯೂಷನ್‌ನಲ್ಲಿ (ಎಕ್ಸ್-ರೇ ಚಿತ್ರದ ಸೂಕ್ಷ್ಮತೆ; ಸಂಖ್ಯೆ ಚಿಕ್ಕದಾದಷ್ಟೂ ಸ್ಪಷ್ಟ) ಕಾರ್ಬೊನಿಲ್ ಆಕ್ಸಿಜನ್ನಿನ ಉಬ್ಬು ಎಕ್ಸ್-ರೇಯಿಂದ ಸಿಗುವ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ ಕಾಣುವುದರಿಂದ ತೀರ್ಮಾನ ಸುಲಭ. 3ಕ್ಕೆ ಬಂದರೆ ಎಲ್ಲ ಮಸುಕು. ಸಾಂದ್ರತೆ ಸ್ಪಷ್ಟವಾಗಿದ್ದೂ ಚುಕ್ಕೆ ಹೊರಗೇ ಉಳಿದರೆ ಬಿಟ್ಟುಬಿಡಿ. ಕಿಣ್ವದ ಕ್ರಿಯಾಸ್ಥಾನದಲ್ಲಿ ಇಂಥ ಸೆಟೆದ ಕೋನಗಳು ನಿಜವಾಗಿಯೂ ಇರುತ್ತವೆ. ಮಾದರಿ ತಿದ್ದುವಾಗ ಪ್ಲಾಟನ್ನೇ ನಿರ್ಬಂಧವಾಗಿ ಹಾಕಿ, ಆಮೇಲೆ ‘ಚುಕ್ಕೆಗಳೆಲ್ಲ ಒಳಗಿವೆ’ ಎಂದು ತೋರಿಸುವುದು ಮಾತ್ರ ಉತ್ತರ ಹೇಳಿಕೊಟ್ಟು ಪರೀಕ್ಷೆ ಮಾಡಿದಂತೆ.

ಒಳಗಿದ್ದ ಮಾತ್ರಕ್ಕೆ ಸರಿಯೆಂದೂ ಅಲ್ಲ. ಇದಕ್ಕೆ ಕೊಲಾಜೆನ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದರ ಚುಕ್ಕೆಗಳು −70, +150ರ ಆಸುಪಾಸಿನಲ್ಲಿ, ಯಾವ ಅಮೈನೋ ಆಮ್ಲಕ್ಕೂ ಸಲ್ಲುವ ಜಾಗದಲ್ಲೇ ಇವೆ. ಗ್ಲೈಸಿನ್ ಬದಲು ತುಸು ದೊಡ್ಡದಾದ ಅಲನಿನ್ ಇಟ್ಟರೂ ಪ್ಲಾಟ್ ತಕರಾರು ಮಾಡುವುದಿಲ್ಲ. ಆದರೆ 1994ರಲ್ಲಿ ಪ್ರಕಟವಾದ ಕೊಲಾಜೆನ್ ಮಾದರಿ ಪೆಪ್ಟೈಡ್‌ನ ಸ್ಫಟಿಕದಲ್ಲಿ ಅಂಥದೇ ಒಂದು ಬದಲಾವಣೆ ಇತ್ತು: ಅಲ್ಲಿ ಹುರಿ ಸಡಿಲವಾಗಿ, ಎಳೆಗಳ ನಡುವಿನ ನೇರ ಬಂಧಗಳ ಜಾಗಕ್ಕೆ ನೀರಿನ ಅಣುಗಳು ಬಂದು ಕೂತಿದ್ದವು. ಇಕ್ಕಟ್ಟು ಇರುವುದು ಪಕ್ಕದ ಎಳೆಯೊಂದಿಗೆ. ಪ್ಲಾಟ್ ಅಳೆಯುವುದು ಒಂದೇ ಎಳೆಯೊಳಗಿನ ನೆರೆಹೊರೆಯನ್ನು.